ವರದಿ ವಾಪಸ್ ಬಂದಾಗ: ಇಂಗ್ಲಿಷ್ ವಾಕ್ಯದ ದೋಷ ಹುಡುಕುವ ಕ್ರಮ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ದಿನಾ ಎರಡು ಬಗೆಯ ದೋಷಗಳು ನನ್ನ ಟೇಬಲ್ಲಿಗೆ ಬರುತ್ತವೆ. ಒಂದು ಕಾಸ್ಟಿಂಗಿನದು, ಅಂದರೆ ಕರಗಿದ ಲೋಹವನ್ನು ಅಚ್ಚಿಗೆ ಸುರಿದು ಮಾಡಿದ ಭಾಗದ್ದು. ಇನ್ನೊಂದು, ಆ ಕಾಸ್ಟಿಂಗಿನ ಬಗ್ಗೆ ನಮ್ಮ ಹುಡುಗರು ಗಿರಾಕಿಗೆ ಬರೆಯುವ ಇಂಗ್ಲಿಷಿನದು. ಮೊದಲನೆಯದಕ್ಕೆ ನಮ್ಮಲ್ಲಿ ಕ್ರಮ ಇದೆ. ಬ್ಲೋ ಹೋಲ್ (ಗಾಳಿ ಸಿಕ್ಕಿಕೊಂಡು ಬಿದ್ದ ತೂತು) ಕಂಡರೆ ಮರಳಿನ ತೇವ ನೋಡು, ಗಾಳಿ ಹೊರಗೆ ಹೋಗಲು ದಾರಿ ಇದೆಯೇ ನೋಡು, ಕೋರ್ (ಒಳಗೆ ಟೊಳ್ಳು ಬರಲು ಅಚ್ಚಿನಲ್ಲಿ ಕೂಡಿಸುವ ಮರಳಿನ ತುಂಡು) ಒಣಗಿತ್ತೇ ಕೇಳು. ಇಂಥ ಕ್ರಮ ಎರಡನೆಯದಕ್ಕೆ ಇಲ್ಲ. "ಗ್ರಾಮರ್ ಸರಿ ಮಾಡ್ಕೊಂಡು ಬಾ" ಎಂದು ಹೇಳಿ ಕಳಿಸುತ್ತಾರೆ. ಹುಡುಗ ಹೋಗಿ ಸಣ್ಣ ಶಬ್ದದ ಜಾಗಕ್ಕೆ ದೊಡ್ಡ ಶಬ್ದ ಇಟ್ಟು ತರುತ್ತಾನೆ, ದೋಷ ಇದ್ದಲ್ಲೇ ಇರುತ್ತದೆ. ಹದಿನೆಂಟು ವರ್ಷ ಇಂಥ ವರದಿಗಳನ್ನು ಬರೆದು, ತಿದ್ದಿ, ವಾಪಸ್ ಬಂದದ್ದನ್ನು ಮತ್ತೆ ಬರೆದು ನನಗೆ ತಿಳಿದ ಕ್ರಮವನ್ನು ಇಲ್ಲಿ ಇಡುತ್ತಿದ್ದೇನೆ. ಡಿಪ್ಲೊಮಾ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಇಂಗ್ಲಿಷಿನಲ್ಲಿ ಅರ್ಜಿ, ಮೇಲ್, ವರದಿ ಬರೆಯುವ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.

ಶುರುವಿಗೆ ನನ್ನದೇ ಒಂದು ಪ್ರಕರಣ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಪುಣೆಯ ಒಬ್ಬ ಗಿರಾಕಿ ನಮ್ಮ ಪಂಪ್ ಹೌಸಿಂಗುಗಳನ್ನು ಮಶಿನಿಂಗ್ ಮಾಡಿಸಿದಾಗ ಒಳಗಡೆ ಬ್ಲೋ ಹೋಲ್ ಸಿಕ್ಕವು. ಅವರು ಫೋನ್ ಮಾಡಿ ತಿಳಿಸಿದರು. ಅಷ್ಟರಲ್ಲಿ ಮುಂದಿನ ಲಾಟು ನಮ್ಮ ಗೇಟು ದಾಟಿ ಹೈವೇಗೆ ಬಿದ್ದಿತ್ತು. ನನ್ನ ತಲೆಯಲ್ಲಿ ಇದ್ದ ಮಾತು ಇದು: "ಮಶಿನಿಂಗ್ ಆದಮ್ಯಾಲ ಬ್ಲೋ ಹೋಲ್ ನೋಡಿ ತಿಳಿಸಿದ್ರಿ, ಆದ್ರ ಅಷ್ಟೊತ್ತಿಗೆ ಮಾಲು ಕಳಿಸಿಬಿಟ್ಟಿದ್ವಿ." ಬರೆದದ್ದು ಇದು: "ಆಫ್ಟರ್ ಮಶಿನಿಂಗ್ ಬ್ಲೋ ಹೋಲ್ಸ್ ಅಬ್ಸರ್ವ್ಡ್ ಅಂಡ್ ಇನ್ಫಾರ್ಮ್ಡ್, ಬಟ್ ಮಟೀರಿಯಲ್ ಆಲ್ರೆಡಿ ಡಿಸ್ಪ್ಯಾಚ್ಡ್."

ಅವರು ಓದಿಕೊಂಡದ್ದು ಬೇರೆಯೇ. ಬ್ಲೋ ಹೋಲ್ ಇದೆ ಎಂದು ಫೌಂಡ್ರಿಯವರಿಗೆ ಮೊದಲೇ ಗೊತ್ತಿತ್ತು, ತಮ್ಮೊಳಗೆ ಮಾತಾಡಿಕೊಂಡರು, ಆದರೂ ಮಾಲು ಕಳಿಸಿದರು! ಎರಡೂ ಲಾಟಿನ ಡೆಬಿಟ್ ನೋಟ್ (ನಮಗೆ ಕೊಡುವ ಹಣದಲ್ಲಿ ಕಡಿತ ಮಾಡುವ ಪತ್ರ) ಬಂತು. ಹಣಕ್ಕಿಂತ ಹೆಚ್ಚಾಗಿ, ಗೊತ್ತಿದ್ದೂ ಕೆಟ್ಟ ಮಾಲು ಕಳಿಸುವವರು ಎಂಬ ಅನುಮಾನ ನನ್ನನ್ನು ಬಹಳ ದಿನ ಕಾಡಿತು. ಅದನ್ನು ತೊಳೆಯಲು ಒಂದು ವರ್ಷ ಹಿಡಿಯಿತು.

ಈಗ ಆ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕನ್ನಡದ ವಾಕ್ಯದಲ್ಲಿ "ನೀವು" ಇಲ್ಲ, "ನಾವು" ಇಲ್ಲ. ಆದರೂ ಯಾರಿಗೂ ಗೊಂದಲ ಆಗುವುದಿಲ್ಲ, ಯಾಕೆಂದರೆ "ತಿಳಿಸಿದ್ರಿ" ಎನ್ನುವುದರ ಬಾಲದಲ್ಲಿ ನೀವು ಇದ್ದೀರಿ, "ಕಳಿಸಿಬಿಟ್ಟಿದ್ವಿ" ಎನ್ನುವುದರ ಬಾಲದಲ್ಲಿ ನಾವು ಇದ್ದೇವೆ. "ಇನ್ಫಾರ್ಮ್ಡ್" ಎನ್ನುವುದಕ್ಕೆ ಅಂಥ ಬಾಲ ಇಲ್ಲ. ನಾನು ತಿಳಿಸಿದರೂ ಅದೇ, ನೀವು ತಿಳಿಸಿದರೂ ಅದೇ, ಅವರು ತಿಳಿಸಿದರೂ ಅದೇ. ಕನ್ನಡದಿಂದ ಇಂಗ್ಲಿಷಿಗೆ ದಾಟುವಾಗ ಬಾಲ ಉದುರಿತು. ಅದರ ಜೊತೆ ಇಬ್ಬರು ಮನುಷ್ಯರೂ ಉದುರಿದರು.

ನಮ್ಮವರು ಬರೆಯುವ ಇಂಗ್ಲಿಷಿನಲ್ಲಿ ನಾನು ಕಂಡ ದೊಡ್ಡ ದೋಷಗಳ ಬೇರು ಹೆಚ್ಚುಕಡಿಮೆ ಎಲ್ಲಾ ಸಲ ಇದೇ. ಕನ್ನಡ ತನ್ನ ಮಾಹಿತಿಯನ್ನು ಪ್ರತ್ಯಯದಲ್ಲಿ ಇಡುತ್ತದೆ, ಇಂಗ್ಲಿಷ್ ಜಾಗದಲ್ಲಿ ಇಡುತ್ತದೆ. "ಆಪರೇಟರ್ ಸೂಪರ್‌ವೈಸರನ್ನ ಕರದ" ಎಂದರೂ "ಸೂಪರ್‌ವೈಸರನ್ನ ಆಪರೇಟರ್ ಕರದ" ಎಂದರೂ ಕರೆದವನು ಒಬ್ಬನೇ. ಆ "ಅನ್ನ" ಎನ್ನುವ ದ್ವಿತೀಯಾ ವಿಭಕ್ತಿ ಕಾವಲು ನಿಂತಿದೆ. ಇಂಗ್ಲಿಷಿನಲ್ಲಿ ಎರಡು ಹೆಸರುಗಳ ಜಾಗ ಅದಲುಬದಲು ಮಾಡಿದರೆ ಕರೆದವನೇ ಬದಲಾಗುತ್ತಾನೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೂ ನಮ್ಮ ಹಾಗೆ ವಿಭಕ್ತಿ ಪ್ರತ್ಯಯಗಳಿದ್ದವು, ಶಬ್ದಗಳನ್ನು ಹಿಂದೆ ಮುಂದೆ ಮಾಡಲು ಹೆಚ್ಚು ಸಲಿಗೆಯಿತ್ತು. ಕಾಲಕ್ರಮದಲ್ಲಿ ಅವು ಸವೆದುಹೋದವು, ಅವುಗಳ ಕೆಲಸವನ್ನು ಶಬ್ದಗಳ ಸಾಲು ವಹಿಸಿಕೊಂಡಿತು. "ಹೀ" ಮತ್ತು "ಹಿಮ್" ಎಂಬ ವ್ಯತ್ಯಾಸ ಆ ಹಳೆಯ ವ್ಯವಸ್ಥೆಯ ಉಳಿಕೆ. ಇದನ್ನು ತಿಳಿದ ಮೇಲೆ ನನಗೆ ಇಂಗ್ಲಿಷ್ ವ್ಯಾಕರಣ ಎಂದರೆ ಬಾಯಿಪಾಠದ ನಿಯಮಗಳ ರಾಶಿ ಅನ್ನಿಸುವುದು ನಿಂತಿತು. ಕನ್ನಡದಲ್ಲಿ ಬಾಲದೊಳಗಿದ್ದದ್ದು ಇಂಗ್ಲಿಷಿನಲ್ಲಿ ಯಾವ ಜಾಗಕ್ಕೆ ಹೋಗಬೇಕಿತ್ತು, ಹೋಯಿತೋ ಇಲ್ಲವೋ ಎಂದು ನೋಡಿದರೆ ಅರ್ಧ ಕೆಲಸ ಮುಗಿಯಿತು.

ಮೊದಲ ತಪಾಸಣೆ: ಕಾಲ ಬದಲಿಸಿ ನೋಡಿ

ಲಕ್ಷಣ: ಓದಿದರೆ ಶಬ್ದಗಳೆಲ್ಲಾ ತಿಳಿಯುತ್ತವೆ, ವಾಕ್ಯ ಮಾತ್ರ ಮುಗಿದ ಹಾಗೆ ಅನ್ನಿಸುವುದಿಲ್ಲ.

ವಾಕ್ಯದಲ್ಲಿ ಕ್ರಿಯಾಪದ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಹಾಗಾಗಿ ನಾನು ಬೇರೆ ಪರೀಕ್ಷೆ ಕೊಡುತ್ತೇನೆ. ಅದೇ ವಾಕ್ಯವನ್ನು ನಿನ್ನೆಗೆ ಒಯ್ಯಿ, ಆಮೇಲೆ ನಾಳೆಗೆ ಒಯ್ಯಿ. ಯಾವ ಶಬ್ದ ಬದಲಾಯಿತೋ ಅದೇ ಕಾಲ ಹೊತ್ತ ಕ್ರಿಯಾಪದ. ಒಂದು ಶಬ್ದವೂ ಅಲುಗಾಡದಿದ್ದರೆ ಅಲ್ಲಿ ಕ್ರಿಯಾಪದ ಇಲ್ಲ.

"ಸ್ಯಾಂಡ್ ಮಾಯಿಶ್ಚರ್ ಹೈ" ಎಂಬುದನ್ನು ನಿನ್ನೆಗೆ ಒಯ್ಯಲು ನೋಡಿ, ಏನೂ ಬದಲಾಗುವುದಿಲ್ಲ. "ಸ್ಯಾಂಡ್ ಮಾಯಿಶ್ಚರ್ ಈಸ್ ಹೈ" ಎಂದಾಗ "ಈಸ್" ಹೋಗಿ "ವಾಸ್" ಬರುತ್ತದೆ, ನಾಳೆಗಾದರೆ "ವಿಲ್ ಬಿ" ಬರುತ್ತದೆ. ಈ ದೋಷ ಹುಟ್ಟುವ ಜಾಗ ಸ್ಪಷ್ಟ. ಕನ್ನಡಕ್ಕೆ "ಈಸ್" ಬೇಕಾಗಿಲ್ಲ. "ಇದು ನಮ್ಮ ಮಾಲು", "ಅವರು ಸೂಪರ್‌ವೈಸರ್", "ಮರಳು ಹಸಿ", ಇವೆಲ್ಲಾ ನಮಗೆ ಪೂರ್ಣ ವಾಕ್ಯಗಳೇ. ನನ್ನ ವಿಭಾಗದಲ್ಲಿ ಖಾನಾಪುರ ಕಡೆಯ ಮರಾಠಿ ಮಾತಿನವರೊಬ್ಬರು ಇದ್ದಾರೆ. ಅವರ ಇಂಗ್ಲಿಷಿನಲ್ಲಿ ಕ್ರಿಯಾಪದ ಕೊನೆಗೆ ಸರಿಯುತ್ತದೆ, ಕರ್ತೃ ಬಿಟ್ಟುಹೋಗುತ್ತದೆ, ಎಲ್ಲಾ ನಮ್ಮ ಹಾಗೆಯೇ. ಈ "ಈಸ್" ಮಾತ್ರ ಅವರು ಬಹಳ ಕಡಿಮೆ ಮರೆಯುತ್ತಾರೆ. ಮರಾಠಿಯಲ್ಲಿ "ಆಹೆ" ಇದೆಯಲ್ಲ, ಅದು ಅವರನ್ನು ಕಾಪಾಡುತ್ತದೆ.

ಇಲ್ಲೇ ಒಂದು ಬಲೆ ಇದೆ, ನನ್ನ ಹಳೆಯ ವಾಕ್ಯ ಬಿದ್ದದ್ದೂ ಅದರಲ್ಲೇ. "ಬ್ಲೋ ಹೋಲ್ಸ್ ಅಬ್ಸರ್ವ್ಡ್" ನೋಡಿದರೆ "ಅಬ್ಸರ್ವ್ಡ್" ಭೂತಕಾಲದ ಕ್ರಿಯಾಪದದ ಹಾಗೆ ಕಾಣುತ್ತದೆ. ಅದರ ಮುಂದೆ "ಯಾರು" ಎಂದು ಕೇಳಿ. ಯಾರು ನೋಡಿದರು? ವಾಕ್ಯದ ಪ್ರಕಾರ ಬ್ಲೋ ಹೋಲ್‌ಗಳೇ ನೋಡಿದವು. ತೂತಿಗೆ ಕಣ್ಣಿಲ್ಲ. ಕನ್ನಡದಲ್ಲಿ "ಬ್ಲೋ ಹೋಲ್ ಕಂಡುಬಂದವು" ಎಂದಾಗ ಕಂಡುಬರುವ ಕೆಲಸ ತೂತುಗಳದ್ದೇ, ಅದಕ್ಕೆ ಅಲ್ಲಿ ತೊಂದರೆಯಿಲ್ಲ. ಇಂಗ್ಲಿಷಿನ "ಅಬ್ಸರ್ವ್" ನೋಡುವವನ ಕೆಲಸ. ಆದ್ದರಿಂದ ಎರಡೇ ದಾರಿ: "ಬ್ಲೋ ಹೋಲ್ಸ್ ವರ್ ಅಬ್ಸರ್ವ್ಡ್" ಎಂದು "ವರ್" ಸೇರಿಸಬೇಕು, ಇಲ್ಲವೇ "ಯು ಅಬ್ಸರ್ವ್ಡ್ ಬ್ಲೋ ಹೋಲ್ಸ್" ಎಂದು ನೋಡಿದವರನ್ನು ಮುಂದೆ ನಿಲ್ಲಿಸಬೇಕು.

ರಿಜೆಕ್ಷನ್ ಶೀಟಿನ ಕಾಲಮ್ಮಿನಲ್ಲಿ "ಬ್ಲೋ ಹೋಲ್ಸ್ ಅಬ್ಸರ್ವ್ಡ್" ಎಂದು ಬರೆಯುವುದರಲ್ಲಿ ತಪ್ಪಿಲ್ಲ. ಅಲ್ಲಿ ದಿನಾಂಕ, ಶಿಫ್ಟ್, ಇನ್‌ಸ್ಪೆಕ್ಟರ್ ಸಹಿ ಎಲ್ಲಾ ಪಕ್ಕದ ಕಾಲಮ್ಮುಗಳಲ್ಲಿ ಇರುತ್ತವೆ, ಯಾರು ಯಾವಾಗ ಎಂಬುದನ್ನು ಶೀಟೇ ಹೇಳುತ್ತದೆ. ಶೀಟಿನಿಂದ ಆ ತುಂಡನ್ನು ಕಿತ್ತು ಮೇಲಿಗೆ ಅಂಟಿಸಿದಾಗ ಕೆಡುತ್ತದೆ. ಕಾಲಮ್ಮುಗಳು ಶೀಟಿನಲ್ಲೇ ಉಳಿಯುತ್ತವೆ, ಬರಿಯ ತುಂಡು ಪ್ರಯಾಣ ಮಾಡುತ್ತದೆ.

ಮಾಡಿದವರು ಯಾರು

ಲಕ್ಷಣ: "ಹೂ?" (ಯಾರು?) ಎಂಬ ಒಂದೇ ಇಂಗ್ಲಿಷ್ ಶಬ್ದದ ಉತ್ತರ ಗಿರಾಕಿಯಿಂದ ಬರುತ್ತದೆ. ಅಥವಾ ಉತ್ತರವೇ ಬರುವುದಿಲ್ಲ, ಡೆಬಿಟ್ ನೋಟ್ ಬರುತ್ತದೆ.

ತಪಾಸಣೆ ಸರಳ. ಕಾಲ ಹೊತ್ತ ಪ್ರತಿ ಕ್ರಿಯಾಪದಕ್ಕೂ ಪೆನ್ನಿನಿಂದ ಸುತ್ತು ಹಾಕಿ. ಅದರ ಎಡಕ್ಕೆ ಬಂದು ಅದರ ಕರ್ತೃವಿಗೆ ಗೆರೆ ಎಳೆಯಿರಿ. ಸುತ್ತು ಇದ್ದು ಗೆರೆ ಇಲ್ಲದಿದ್ದರೆ ಅಲ್ಲಿ ಕನ್ನಡದ ಬಾಲ ಉದುರಿದೆ ಎಂದು ಅರ್ಥ. "ನಾಳೆ ಕಳಿಸ್ತೀವಿ" ಎನ್ನುವುದು "ವಿಲ್ ಸೆಂಡ್ ಟುಮಾರೋ" ಆಗುತ್ತದೆ. ಗೆಳೆಯರ ನಡುವೆ ಇಂಗ್ಲಿಷರೂ ಹೀಗೆ ಬರೆಯುತ್ತಾರೆ. ಆದರೆ ಫೌಂಡ್ರಿ, ಮಶಿನ್ ಶಾಪ್, ಟ್ರಾನ್ಸ್‌ಪೋರ್ಟ್ ಮೂವರಿಗೂ ಒಂದೇ ಮೇಲ್ ಹೋದಾಗ, ನಾಳೆ ಕಳಿಸುವವರು ಯಾರು ಎಂದು ಮೂವರೂ ಇನ್ನೊಬ್ಬರ ಮುಖ ನೋಡುತ್ತಾರೆ.

ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಬಗ್ಗೆ ಒಂದು ಮಾತು. ಪ್ಯಾಸಿವ್ ಬಳಸಲೇಬೇಡಿ ಎಂದು ಕೆಲವರು ಕಲಿಸುತ್ತಾರೆ, ಅದನ್ನು ನಾನು ಒಪ್ಪುವುದಿಲ್ಲ. "ದಿ ಕಾಸ್ಟಿಂಗ್ಸ್ ವರ್ ಪೋರ್ಡ್ ಆನ್ ಟ್ಯೂಸ್ಡೇ" ಎಂಬಲ್ಲಿ ಯಾರು ಸುರಿದರು ಎಂಬುದು ಓದುವವನಿಗೆ ಬೇಡ, ದಿನ ಬೇಕು. ಅಲ್ಲಿ ಪ್ಯಾಸಿವ್ ಒಳ್ಳೆಯದೇ. ಎಲ್ಲಿ ಬೇಡ ಎಂದರೆ ಕಾರಣ ಮತ್ತು ಪರಿಹಾರ ಹೇಳುವ ಜಾಗದಲ್ಲಿ. "ದಿ ಸ್ಯಾಂಡ್ ವಾಸ್ ನಾಟ್ ಟೆಸ್ಟೆಡ್" ಎಂದು ಬರೆದು ಕೈ ತೊಳೆದುಕೊಂಡರೆ ಮುಂದಿನ "ಯಾಕೆ" ಕೇಳುವುದು ಹೇಗೆ? ಐದು ಸಲ ಯಾಕೆ ಎಂದು ಕೇಳುವ ಪದ್ಧತಿ ನಮ್ಮೆಲ್ಲರ ವರದಿಯಲ್ಲೂ ಇದೆ. ಮಾಡಿದವನು ವಾಕ್ಯದಲ್ಲೇ ಇಲ್ಲದಿದ್ದರೆ ಎರಡನೇ "ಯಾಕೆ"ಗೆ ದಾರಿ ಮುಚ್ಚುತ್ತದೆ.

ಮಳೆ ಬಂದು ಗೋಡೆ ಬಿದ್ದದ್ದು

ಲಕ್ಷಣ: ವಾಕ್ಯ ವ್ಯಾಕರಣಬದ್ಧವಾಗಿ ಕಾಣುತ್ತದೆ, ಅರ್ಥ ಮಾತ್ರ ವಿಚಿತ್ರವಾಗಿರುತ್ತದೆ.

ಬೈಲಹೊಂಗಲದ ಹುಡುಗನೊಬ್ಬ ಹೋದ ವರ್ಷ ಸೇರಿದ. ಕೆಲಸದಲ್ಲಿ ಬಹಳ ಚುರುಕು. ಅವನು ಬರೆದ ಸಾಲು: "ಬೀಯಿಂಗ್ ವೆಟ್, ದಿ ಆಪರೇಟರ್ ರಿಜೆಕ್ಟೆಡ್ ದಿ ಕೋರ್." ಅವನ ಮನಸ್ಸಿನಲ್ಲಿ ಇದ್ದದ್ದು "ಹಸಿ ಇದ್ದದ್ದಕ್ಕ ಆಪರೇಟರ್ ಕೋರ್ ರಿಜೆಕ್ಟ್ ಮಾಡಿದ" ಎಂದು. ಇಂಗ್ಲಿಷಿನಲ್ಲಿ ಒದ್ದೆಯಾದವನು ಆಪರೇಟರ್. ವಾಕ್ಯದ ಮುಂದೆ ಹೀಗೆ ಒಂದು ತುಂಡು ಬಂದು ಕಾಮಾ ಬಿದ್ದರೆ, ಕಾಮಾದ ನಂತರ ಮೊದಲು ಯಾರು ಸಿಗುತ್ತಾರೋ ಅವರ ಕೊರಳಿಗೆ ಆ ತುಂಡು ಬೀಳುತ್ತದೆ.

ನಮಗೆ ಇದು ತಪ್ಪು ಎಂದು ತಕ್ಷಣ ಹೊಳೆಯುವುದಿಲ್ಲ. "ಮಳಿ ಬಂದು ಗೋಡಿ ಬಿತ್ತು" ಎನ್ನುವುದು ಶುದ್ಧ ಕನ್ನಡ. ಬಂದದ್ದು ಮಳೆ, ಬಿದ್ದದ್ದು ಗೋಡೆ, ಇಬ್ಬರು ಕರ್ತೃಗಳು, ಆದರೂ "ಬಂದು" ಎರಡನ್ನೂ ಹಿಡಿದುಕೊಳ್ಳುತ್ತದೆ. "ಸುರಿಯುವಾಗ", "ಆದ ಮೇಲೆ", "ಇದ್ದದ್ದಕ್ಕೆ" ಇವೂ ಅಷ್ಟೇ, ಯಾರ ಜೊತೆಗಾದರೂ ಹೊಂದಿಕೊಳ್ಳುತ್ತವೆ. ಇಂಗ್ಲಿಷಿನ "ಇಂಗ್" ತುಂಡಿಗೆ ಆ ಉದಾರತೆ ಇಲ್ಲ.

ತಪಾಸಣೆ: ಕಾಮಾಕ್ಕಿಂತ ಮೊದಲಿನ ತುಂಡನ್ನು ಪ್ರಶ್ನೆ ಮಾಡಿ. ಯಾರು ಹಸಿ? ಬಂದ ಉತ್ತರವೂ ಕಾಮಾದ ನಂತರದ ಮೊದಲ ಹೆಸರೂ ಒಂದೇ ಆಗಿದ್ದರೆ ಸರಿ. ಬೇರೆಯಾಗಿದ್ದರೆ ತುಂಡಿಗೆ ಅದರದೇ ಕರ್ತೃ, ಅದರದೇ ಕ್ರಿಯಾಪದ ಕೊಟ್ಟುಬಿಡಿ: "ದಿ ಆಪರೇಟರ್ ರಿಜೆಕ್ಟೆಡ್ ದಿ ಕೋರ್ ಬಿಕಾಸ್ ಇಟ್ ವಾಸ್ ವೆಟ್." ಹುಡುಗರು ಇದನ್ನು ನೋಡಿ "ಭಾಳ ಸಾದಾ ಆತು ಮೇಡಂ" ಎನ್ನುತ್ತಾರೆ. ಸಾದಾ ಇದ್ದರೆ ಇರಲಿ. ಯಾರು ಹಸಿ ಎಂದು ಪುಣೆಯವರಿಗೆ ಗೊತ್ತಾದರೆ ಸಾಕು.

ಎರಡು ಧಾರೆ ಕೂಡದ ಜಾಗ

ಕಾಸ್ಟಿಂಗಿನಲ್ಲಿ ಕೋಲ್ಡ್ ಶಟ್ ನೋಡಿದವರಿಗೆ ಈ ದೋಷ ಬೇಗ ತಿಳಿಯುತ್ತದೆ. ಕರಗಿದ ಲೋಹದ ಎರಡು ಧಾರೆಗಳು ಅಚ್ಚಿನೊಳಗೆ ಎದುರುಬದುರು ಬಂದು ಮುಟ್ಟುತ್ತವೆ, ಅಷ್ಟರಲ್ಲಿ ತಣ್ಣಗಾಗಿರುವುದರಿಂದ ಬೆಸೆಯುವುದಿಲ್ಲ. ಹೊರಗಿನಿಂದ ಒಂದೇ ತುಂಡು, ನಡುವೆ ಕೂದಲಿನಷ್ಟು ಗೆರೆ. ಒತ್ತಡ ಬಿದ್ದ ದಿನ ಅಲ್ಲೇ ಸೀಳುತ್ತದೆ. ಎರಡು ಪೂರ್ಣ ವಾಕ್ಯಗಳನ್ನು ಬರೀ ಕಾಮಾ ಹಾಕಿ ಸೇರಿಸಿದರೆ ಆಗುವುದೂ ಇದೇ: "ದಿ ಓವನ್ ಸ್ಟಾಪ್ಡ್, ದಿ ಕೋರ್ಸ್ ವರ್ ವೆಟ್." ಓವನ್ ನಿಂತದ್ದಕ್ಕೆ ಕೋರ್ ಹಸಿಯಾಯಿತೋ, ಓವನ್ ನಿಂತಾಗ ಕೋರ್ ಹೇಗೂ ಹಸಿಯೇ ಇತ್ತೋ? ಕಾಮಾಕ್ಕೆ ಅದನ್ನು ಹೇಳುವ ಶಕ್ತಿ ಇಲ್ಲ.

ಬೇರು ಮತ್ತೆ ಕನ್ನಡದಲ್ಲಿದೆ. "ಓವನ್ ನಿಂತು, ಕೋರ್ ಒಣಗದ, ಹಸಿ ಕೋರ್ ಕೂಡಿಸಿ, ಲೋಹ ಸುರದು, ತೂತು ಬಿದ್ದಾವ" ಎಂದು ನಾವು ಒಂದೇ ಉಸಿರಿನಲ್ಲಿ ಐದು ಕೆಲಸ ಪೋಣಿಸಬಲ್ಲೆವು. ನಿಂತು, ಕೂಡಿಸಿ, ಸುರಿದು ಎಂಬ ಅಪೂರ್ಣ ಕ್ರಿಯೆಗಳು ಕೊಂಡಿಗಳು, ಕೊನೆಯ ಕ್ರಿಯಾಪದ ಗಂಟು. ಬಹಳ ಚೆಂದದ ವ್ಯವಸ್ಥೆ, ಕನ್ನಡ ಬರೆಯುವಾಗ ಅದನ್ನು ಬಿಡಬೇಡಿ. ಇಂಗ್ಲಿಷಿಗೆ ಹೋಗುವಾಗ ಮಾತ್ರ ಪ್ರತಿ ಕೊಂಡಿಯನ್ನೂ ಬಿಚ್ಚಬೇಕು. ಕಾರಣ ಇದ್ದಲ್ಲಿ "ಬಿಕಾಸ್" ಹಾಕಿ, ಸಮಯ ಇದ್ದಲ್ಲಿ "ವೆನ್" ಅಥವಾ "ಆಫ್ಟರ್" ಹಾಕಿ, ಸಂಬಂಧ ಏನೂ ಇಲ್ಲದಿದ್ದರೆ ಪೂರ್ಣವಿರಾಮ ಹಾಕಿ ಮುಂದೆ ಹೋಗಿ. ಪೂರ್ಣವಿರಾಮಕ್ಕೆ ಹೆದರುವವರನ್ನು ನಾನು ಬಹಳ ಕಂಡಿದ್ದೇನೆ. ಚಿಕ್ಕ ವಾಕ್ಯ ಬರೆದರೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಂಡಾರು ಎಂಬ ಹೆದರಿಕೆ. ಹತ್ತರಗಿಯ ಏರೋಸ್ಪೇಸ್ ಘಟಕಗಳ ಕಡೆ ಕೆಲಸ ಹುಡುಕುವವರಿಗೆ ಒಂದು ವಿಷಯ ಗೊತ್ತಿರಲಿ: ವಿಮಾನ ದುರಸ್ತಿಯ ಕೈಪಿಡಿಗಳಿಗಾಗಿ 1980ರ ದಶಕದಲ್ಲಿ ಯುರೋಪಿನಲ್ಲಿ ಒಂದು ಸರಳ ಇಂಗ್ಲಿಷನ್ನು ರೂಪಿಸಿದರು. ಇವತ್ತು ಅದರ ಹೆಸರು ಎಎಸ್‌ಡಿ-ಎಸ್‌ಟಿಇ100. ಕೈಪಿಡಿ ಓದುವ ಮೆಕ್ಯಾನಿಕ್‌ಗಳಲ್ಲಿ ಬಹಳ ಮಂದಿಗೆ ಇಂಗ್ಲಿಷ್ ಮಾತೃಭಾಷೆಯಲ್ಲ ಎಂಬುದೇ ಅದು ಹುಟ್ಟಲು ಕಾರಣ. ಅದರಲ್ಲಿ ಕೆಲಸ ಹೇಳುವ ವಾಕ್ಯಕ್ಕೆ ಹೆಚ್ಚೆಂದರೆ 20 ಶಬ್ದ, ವಿವರಿಸುವ ವಾಕ್ಯಕ್ಕೆ 25. ವಿಮಾನಕ್ಕೆ ಸಾಕಾಗುವಷ್ಟು ಉದ್ದ ನಮ್ಮ ಪಂಪ್ ಹೌಸಿಂಗಿಗೂ ಸಾಕು.

ಹೆಸರುಗಳ ಗಾಡಿ

ವಿಮಾನ ಕೈಪಿಡಿಗಳ ಅದೇ ಸರಳ ಇಂಗ್ಲಿಷಿನಲ್ಲಿ ಇನ್ನೊಂದು ನಿಯಮ ಇದೆ: ಒಂದರ ಹಿಂದೆ ಒಂದು ನಾಮಪದ ಜೋಡಿಸುವುದಾದರೆ ಮೂರಕ್ಕೆ ನಿಲ್ಲಿಸಿ. ನಮ್ಮ ಶಾಪಿನ ಗೋಡೆಯ ಮೇಲೆ ಇದ್ದ ಒಂದು ಶೀರ್ಷಿಕೆ "ಪಂಪ್ ಹೌಸಿಂಗ್ ಕೋರ್ ಕೋಟಿಂಗ್ ಮಾಯಿಶ್ಚರ್ ಕಂಟ್ರೋಲ್ ಚೆಕ್ ಶೀಟ್". ಎಂಟು ಶಬ್ದ, ಒಂದೇ ಗಾಡಿ. ಕನ್ನಡದಲ್ಲಿ ವಿಶೇಷಣ ಎಷ್ಟಿದ್ದರೂ ನಾಮಪದಕ್ಕಿಂತ ಮುಂದೇ ಬರುತ್ತದೆ: "ನಿನ್ನೆ ಪುಣೆಗೆ ಕಳಿಸಿದ ಗಾಡಿಯಲ್ಲಿದ್ದ ಪೆಟ್ಟಿಗೆ". ಆ ಅಭ್ಯಾಸದಿಂದ ಇಂಗ್ಲಿಷಿನಲ್ಲೂ ಎಲ್ಲವನ್ನೂ ಮುಂದೆ ಹೇರುತ್ತೇವೆ. ಇಳಿಸುವ ಕ್ರಮ ಹಿಂದಿನಿಂದ. ಕೊನೆಯ ನಾಮಪದವನ್ನು ಮೊದಲು ತನ್ನಿ, ಉಳಿದದ್ದನ್ನು "ಫಾರ್", "ಇನ್", "ಆಫ್", "ದಟ್" ಹಿಡಿದು ಹಿಂದೆ ಇಳಿಸಿ: "ಚೆಕ್ ಶೀಟ್ ಫಾರ್ ಮಾಯಿಶ್ಚರ್ ಇನ್ ದಿ ಕೋರ್ ಕೋಟಿಂಗ್: ಪಂಪ್ ಹೌಸಿಂಗ್". ಹಾಗೆಯೇ "ದಿ ಬಾಕ್ಸ್ ಇನ್ ದಿ ಟ್ರಕ್ ದಟ್ ವಿ ಸೆಂಟ್ ಟು ಪುಣೆ ಯೆಸ್ಟರ್ಡೇ".

"ನಿನ್ನೆನೇ" ಎಂಬ ಸಣ್ಣ ಶಬ್ದ

ಇದು ಚಿಕ್ಕದು, ನಷ್ಟ ಮಾತ್ರ ದೊಡ್ಡದು ಮಾಡುತ್ತದೆ. "ನಿನ್ನೆನ ಕಳಿಸೇವಿ" ಎಂದರೆ ನಾವು ತಡ ಮಾಡಿಲ್ಲ, ಹೇಳಿದ ಕೂಡಲೇ ಕಳಿಸಿದ್ದೇವೆ ಎಂಬ ಹೆಮ್ಮೆ ಅದರಲ್ಲಿದೆ. ಅದನ್ನು "ಯೆಸ್ಟರ್ಡೇ ಓನ್ಲಿ ವಿ ಹ್ಯಾವ್ ಡಿಸ್ಪ್ಯಾಚ್ಡ್" ಎಂದು ಬರೆದರೆ, ಹೊರಗಿನ ಓದುಗ "ಓನ್ಲಿ ಯೆಸ್ಟರ್ಡೇ" ಎಂದು ಓದಿಕೊಳ್ಳುತ್ತಾನೆ. ನಿನ್ನೆವರೆಗೂ ಕಳಿಸಿರಲಿಲ್ಲ, ಇಷ್ಟು ತಡ ಮಾಡಿದರು ಎಂಬ ಅರ್ಥ. ನಾವು ಹೊಗಳಿಕೊಂಡದ್ದು ತಪ್ಪೊಪ್ಪಿಗೆಯಾಗಿ ಹೋಗುತ್ತದೆ. ನಮ್ಮ "ಏ"ಕಾರಕ್ಕೆ ಇಂಗ್ಲಿಷಿನಲ್ಲಿ ಒಂದೇ ಶಬ್ದದ ಸಾಟಿ ಇಲ್ಲ. ಅದನ್ನು ಬಿಟ್ಟು "ವಿ ಡಿಸ್ಪ್ಯಾಚ್ಡ್ ದೆಮ್ ಯೆಸ್ಟರ್ಡೇ" ಎಂದು ಬರೆಯಿರಿ. "ಓನ್ಲಿ" ಬೇಕೇಬೇಕಾದಲ್ಲಿ, ಯಾವುದನ್ನು ಮಿತಿಗೊಳಿಸಬೇಕೋ ಅದರ ಪಕ್ಕಕ್ಕೆ ತನ್ನಿ. "ವಿ ಚೆಕ್ಡ್ ಓನ್ಲಿ ಟೆನ್ ಪೀಸಸ್" ಎಂದಾಗ ಮಿತಿ ಹತ್ತರ ಮೇಲೆ ಬೀಳುತ್ತದೆ.

ಆ ವಾಕ್ಯದಲ್ಲಿ "ಹ್ಯಾವ್" ಕೂಡ ತಪ್ಪು. ನಮ್ಮ ಕಡೆ "ಕಳಿಸೇವಿ", "ಮಾಡೇನಿ" ಎಂಬ ರೂಪಗಳು "ನಿನ್ನೆ"ಯ ಜೊತೆ ಸಲೀಸಾಗಿ ಕೂರುತ್ತವೆ. ಇಂಗ್ಲಿಷಿನ "ಹ್ಯಾವ್ ಸೆಂಟ್" ಮುಗಿದುಹೋದ ಸಮಯದ ಜೊತೆ ಕೂರುವುದಿಲ್ಲ. ನಿನ್ನೆ, ಸೋಮವಾರ, ಹೋದ ತಿಂಗಳು ಎಂದು ಹೇಳಿದಿರೋ, "ಹ್ಯಾವ್" ತೆಗೆಯಿರಿ.

ಉಳಿದ ಕೆಲವನ್ನು ಒಂದೊಂದು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇವು ಕಣ್ಣಿಗೆ ಕುಟುಕಿದರೂ ಅರ್ಥವನ್ನು ಅಷ್ಟಾಗಿ ಕೆಡಿಸುವುದಿಲ್ಲ. "ಡಿಡ್ ನಾಟ್ ಚೆಕ್ಡ್" ಎಂಬಲ್ಲಿ ಭೂತಕಾಲ ಎರಡು ಸಲ ಬಂದಿದೆ. "ಡಿಡ್" ಒಮ್ಮೆ ಹೊತ್ತ ಮೇಲೆ ಮುಂದಿನದು ಬರಿಗೈಲಿ ಬರಬೇಕು, "ಡಿಡ್ ನಾಟ್ ಚೆಕ್". "ದಿ ಬ್ಯಾಚ್ ಆಫ್ ಕಾಸ್ಟಿಂಗ್ಸ್ ವರ್" ಎಂದು ಬರೆದಾಗ "ಆಫ್"ನಿಂದ ಶುರುವಾದ ತುಂಡಿಗೆ ಬೆರಳು ಮುಚ್ಚಿ ಓದಿ. ಉಳಿದದ್ದು ಬ್ಯಾಚ್, ಒಂದೇ ಒಂದು, ಆದ್ದರಿಂದ "ವಾಸ್". "ಡಿಸ್ಕಸ್ ಅಬೌಟ್", "ರಿಟರ್ನ್ ಬ್ಯಾಕ್" ಇವುಗಳಲ್ಲಿ ಕೊನೆಯ ಶಬ್ದ ಬೇಡ. "ದಿ" ಬಗ್ಗೆ ನಿದ್ದೆಗೆಡಬೇಡಿ, ಒಂದೇ ಕಡೆ ಎಚ್ಚರ ಇರಲಿ: "ಪೀಸಸ್ ವರ್ ಕ್ರ್ಯಾಕ್ಡ್" ಎಂದರೆ ಕೆಲವು ಪೀಸು ಒಡೆದಿದ್ದವು, "ದಿ ಪೀಸಸ್ ವರ್ ಕ್ರ್ಯಾಕ್ಡ್" ಎಂದರೆ ಮಾತಾಡುತ್ತಿದ್ದ ಆ ಪೀಸುಗಳೆಲ್ಲಾ ಒಡೆದಿದ್ದವು. ಆ ಒಂದು ಅಕ್ಷರದ ಮೇಲೆ ಡೆಬಿಟ್ ನೋಟಿನ ಮೊತ್ತ ನಿಂತಿರಬಹುದು.

ಒಂದು ಇಡೀ ತಪಾಸಣೆ

ಬೈಲಹೊಂಗಲದ ಅದೇ ಹುಡುಗ ಮಳೆಗಾಲದಲ್ಲಿ ಒಂದು ಮೇಲ್ ಕರಡು ತಂದ. ನಡುವಿನ ವಾಕ್ಯ ಇದು:

"ಡ್ಯೂ ಟು ಪವರ್ ಕಟ್ ಇನ್ ಸೆಕೆಂಡ್ ಶಿಫ್ಟ್ ಕೋರ್ ಓವನ್ ಸ್ಟಾಪ್ಡ್ ಅಂಡ್ ಕೋರ್ಸ್ ನಾಟ್ ಡ್ರೈಡ್ ಪ್ರಾಪರ್ಲಿ ಅಂಡ್ ಯೂಸ್ಡ್ ಇನ್ ಮೋಲ್ಡಿಂಗ್ ವಿಚ್ ಕಾಸ್ಡ್ ಬ್ಲೋ ಹೋಲ್ಸ್, ಸೇಮ್ ಇನ್ಫಾರ್ಮ್ಡ್ ಟು ಆಪರೇಟರ್."

"ಮೇಡಂ, ಎಲ್ಲಾ ಬರೋಬರಿ ಅದಾವಲ್ರಿ?" ಎಂದ.

"ಶಬ್ದ ಬರೋಬರಿ ಅದಾವ ತಮ್ಮಾ. ಮಂದಿ ಎಲ್ಲಿ ಅದಾರ ಹುಡುಕೂಣ ಬಾ" ಎಂದು ಪ್ರಿಂಟ್ ತೆಗೆಸಿ ಪೆನ್ನು ಅವನ ಕೈಗೇ ಕೊಟ್ಟೆ.

27 ಶಬ್ದ. ಕಾಲ ಬದಲಿಸಿ ನೋಡಿದ. "ಸ್ಟಾಪ್ಡ್" ಎಂಬುದಕ್ಕೆ ಸುತ್ತು ಬಿತ್ತು, ಎಡಕ್ಕೆ ಓವನ್ ಇತ್ತು, ಗೆರೆ ಎಳೆದ. ಓವನ್ ನಿಂತಿತು, ಸರಿ. "ನಾಟ್ ಡ್ರೈಡ್" ಹತ್ತಿರ ನಿಂತ. ಯಾವ ಶಬ್ದವೂ ಕಾಲ ಹೊತ್ತಿರಲಿಲ್ಲ, "ಡಿಡ್" ಅಥವಾ "ವರ್" ಬೇಕಿತ್ತು. "ಕಾಸ್ಡ್"ಗೆ ಸುತ್ತು ಹಾಕಿ ಎಡಕ್ಕೆ ಹೋದರೆ "ವಿಚ್" ಸಿಕ್ಕಿತು. ವಿಚ್ ಎಂದರೆ ಯಾವುದು? ಮೋಲ್ಡಿಂಗೇ, ಪವರ್ ಕಟ್ಟೇ, ಹಸಿ ಕೋರೇ? ತೂತು ಬಿದ್ದದ್ದು ಕೋರಿಗೆ ಬಳಿದ ಕೋಟಿಂಗಿನ ನೀರಿನಂಶ ಬಿಸಿ ಲೋಹಕ್ಕೆ ತಾಗಿ ಆವಿಯಾದದ್ದರಿಂದ. ಆ ನೀರಿನಂಶ ಎಂಬ ಶಬ್ದವೇ ವಾಕ್ಯದಲ್ಲಿ ಇರಲಿಲ್ಲ. "ಸೇಮ್ ಇನ್ಫಾರ್ಮ್ಡ್" ಎಂಬುದನ್ನು ಅವನೇ ಹೊಡೆದುಹಾಕಿದ.

ಉಳಿದದ್ದು "ಯೂಸ್ಡ್". ಯಾರು ಬಳಸಿದರು ಎಂದು ಕೇಳಿದೆ. "ಮೋಲ್ಡಿಂಗ್‌ನವ್ರು ಮೇಡಂ" ಎಂದ. ಹಸಿ ಇದ್ದದ್ದು ಅವರಿಗೆ ಗೊತ್ತಿತ್ತೇ, ಒಣಗಿದೆಯೋ ಇಲ್ಲವೋ ಯಾರು ನೋಡಬೇಕಿತ್ತು ಎಂದು ಕೇಳಿದೆ. ಅವನಿಗೆ ತಿಳಿದಿರಲಿಲ್ಲ. ಎದ್ದು ಶಾಪಿಗೆ ಹೋದ. ಇಪ್ಪತ್ತು ನಿಮಿಷ ಬಿಟ್ಟು ಬಂದ, ಅಂಗಿ ಪೂರ್ತಿ ಮರಳು.

"ಮೇಡಂ, ಕೋರ್ ಒಣಗ್ಯಾವೋ ಇಲ್ಲೋ ನೋಡೂ ಮಂದೀನ ಇಲ್ರಿ ಸೆಕೆಂಡ್ ಶಿಫ್ಟಿನ್ಯಾಗ. ಫಸ್ಟ್ ಶಿಫ್ಟಿನ್ಯಾಗ ಅಷ್ಟ ಅದಾರ."

ಅಲ್ಲಿತನಕ ಪವರ್ ಕಟ್ ಒಂದೇ ಕಾರಣ ಎಂದು ನಾವೆಲ್ಲಾ ನಂಬಿದ್ದೆವು, ನಾನೂ ಸೇರಿ. ಕರ್ತೃ ಇಲ್ಲದ "ಯೂಸ್ಡ್" ಎಂಬ ಒಂದು ಶಬ್ದದ ಹಿಂದೆ ಶಿಫ್ಟಿನ ದೋಷ ಅಡಗಿ ಕೂತಿತ್ತು. ಅವನು ಅಲ್ಲೇ ಕೂತು ಮತ್ತೆ ಬರೆದ. ಸಂಜೆ ಐದಕ್ಕೆ ಪುಣೆಗೆ ಹೋದ ಮೇಲ್ ಇದು:

"ದಿ ಕೋರ್ ಓವನ್ ಸ್ಟಾಪ್ಡ್ ಡ್ಯೂರಿಂಗ್ ಎ ಪವರ್ ಕಟ್ ಇನ್ ದಿ ಸೆಕೆಂಡ್ ಶಿಫ್ಟ್. ದಿ ಕೋಟಿಂಗ್ ಆನ್ ದಿ ಕೋರ್ಸ್ ಡಿಡ್ ನಾಟ್ ಡ್ರೈ. ದಿ ಮೋಲ್ಡಿಂಗ್ ಕ್ರೂ ಯೂಸ್ಡ್ ದೀಸ್ ಕೋರ್ಸ್ ಬಿಕಾಸ್ ನೋ ಒನ್ ಇನ್ ದಟ್ ಶಿಫ್ಟ್ ವಾಸ್ ಅಸೈನ್ಡ್ ಟು ಚೆಕ್ ದೆಮ್. ದಿ ಮಾಯಿಶ್ಚರ್ ಇನ್ ದಿ ಕೋಟಿಂಗ್ ಕಾಸ್ಡ್ ದಿ ಬ್ಲೋ ಹೋಲ್ಸ್. ಫ್ರಮ್ ಮಂಡೇ, ದಿ ಸೆಕೆಂಡ್ ಶಿಫ್ಟ್ ಸೂಪರ್‌ವೈಸರ್ ವಿಲ್ ಚೆಕ್ ಎವ್ರಿ ಟ್ರೇ ಆಫ್ ಕೋರ್ಸ್ ಬಿಫೋರ್ ಮೋಲ್ಡಿಂಗ್."

ಮೇಲ್ ಕಳಿಸಿ ಅವನು ಸೆಕೆಂಡ್ ಶಿಫ್ಟಿನ ಸೂಪರ್‌ವೈಸರ್‌ಗೆ ಟ್ರೇ ಚೆಕ್ ಮಾಡುವ ಶೀಟ್ ಕೊಡಲು ಮೋಲ್ಡಿಂಗ್ ಕಡೆ ಹೋದ.